ಕಿಟಕಿ ಕಡೆಯ ಕೈ

“ಬನಿಯನ್ನೂ ತೆಗೀಬೇಕಾ?” ಎಂದು ಕೇಳುವಷ್ಟರಲ್ಲಿ ಮಾವ ಅದನ್ನು ಅರ್ಧ ಎತ್ತಿಬಿಟ್ಟಿದ್ದರು. ಬನಿಯನ್ನು ಕನ್ನಡಕಕ್ಕೆ ಸಿಕ್ಕಿಕೊಂಡಿತು. ತಲೆ ಒಳಗೆ, ಹೊಟ್ಟೆ ಹೊರಗೆ ಆದ ಆ ದೊಡ್ಡ ದೇಹ ಆಸ್ಪತ್ರೆಯ ಇಕ್ಕಟ್ಟಾದ ಇಸಿಜಿ ಕೋಣೆಯಲ್ಲಿ ಎರಡೂ ಕೈ ಬೀಸತೊಡಗಿತು. ಒಂದು ಕೈ ಬಾಗಿಲ ಪರದೆಯನ್ನು ಕೊಂಡಿಯಿಂದ ಕಿತ್ತಿತು. ಇನ್ನೊಂದು ಜೆಲ್ಲಿನ ಬಾಟಲಿಯನ್ನು ಉರುಳಿಸಿತು. ಜೆಲ್ಲು ಅಳಿಯನ ಬಿಳಿಕೋಟಿನ ಮೇಲೆ ಚೆಲ್ಲಿತು.

“ಅಯ್ಯೋ, ಕೋಟು!” ಎಂದ ಅಳಿಯ. ಮೊದಲು ಕೋಟನ್ನು ಒರೆಸಿಕೊಂಡ. ಆಮೇಲೆ ಮಾವನನ್ನು ಬನಿಯನ್ನಿನಿಂದ ಬಿಡಿಸಿದ.

ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರಿಗೆ ಈಗ ಪರದೆಯಿಲ್ಲದೆ ಮಾವನ ಹೊಟ್ಟೆ ನೇರವಾಗಿ ಕಾಣುತ್ತಿತ್ತು. ಮಾವ ಮುಜುಗರಪಡುವ ಪೈಕಿಯಲ್ಲ. “ಏನ್ ನೋಡ್ತೀರಿ? ನನಗೆ ಸರದಿಗಿರದಿ ಇಲ್ಲ. ಇವರು ನನ್ನ ಅಳಿಯಂದ್ರು. ಈ ಹಾರ್ಟ್ ಡಿಪಾರ್ಟ್‌ಮೆಂಟ್ ಪೂರ್ತಿ ಇವರ ಕೈಯಲ್ಲೇ ಇರೋದು,” ಎಂದು ಬೆಂಚಿಗೆ ಕೇಳುವಂತೆ ಹೇಳಿದರು.

ಅಳಿಯ ಅದನ್ನು ತಿದ್ದಲಿಲ್ಲ.

ತಿದ್ದಬೇಕಿತ್ತು. ಯಾಕೆಂದರೆ ಹಾರ್ಟ್ ಡಿಪಾರ್ಟ್‌ಮೆಂಟಿನಲ್ಲಿ ಅವನ ಕೈಯಲ್ಲಿ ಇದ್ದದ್ದು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಉಂಡೆ ಮಾತ್ರ. ಇಸಿಜಿಗೆ ಬಂದವರ ಎದೆಯ ಬೆವರು, ಎಣ್ಣೆ, ಪೌಡರು ಒರೆಸುವುದು; ಕೂದಲು ದಟ್ಟವಾಗಿದ್ದರೆ ಬೋಳಿಸುವುದು; ವಾಚು ಬಿಚ್ಚಿಸುವುದು; ಕೈಕಾಲಿಗೆ ಬಣ್ಣದ ಕ್ಲಿಪ್ಪುಗಳನ್ನು, ಎದೆಗೆ ರಬ್ಬರ್ ಬುಗ್ಗೆಗಳನ್ನು ಕಚ್ಚಿಸುವುದು; “ಅಲ್ಲಾಡಬೇಡಿ, ಮಾತಾಡಬೇಡಿ” ಎಂದು ಗದರಿ ಗುಂಡಿ ಒತ್ತುವುದು. ಮಿಕ್ಕಿದ್ದನ್ನು ಯಂತ್ರ ಮಾಡುತ್ತದೆ. ಯಂತ್ರ ಗೀಚಿ ಉಗುಳಿದ ಪಟ್ಟಿಯನ್ನು ಡಾಕ್ಟರು ಓದುತ್ತಾರೆ, ಅಥವಾ ಓದಿದವರ ಹಾಗೆ ಮುಖ ಮಾಡುತ್ತಾರೆ. ಇಷ್ಟು ಕೆಲಸಕ್ಕೆ ಆಸ್ಪತ್ರೆ ಅವನಿಗೆ ಒಂದು ಬಿಳಿಕೋಟು ಕೊಟ್ಟಿತ್ತು. ಅನಾಹುತವೆಲ್ಲ ಅಲ್ಲಿಂದಲೇ ಶುರುವಾದದ್ದು. ಆ ಕೋಟನ್ನು ಅವನು ಬಸ್ಸಿನಲ್ಲೂ ಬಿಚ್ಚುತ್ತಿರಲಿಲ್ಲ. ಅಂಗಡಿಗೆ ಬ್ರೆಡ್ಡು ತರಲು ಹೋದರೂ ಕೋಟು. ಮದುವೆಯ ಮಾತಾಡಲು ಹೆಣ್ಣಿನ ಮನೆಗೆ ಹೋದಾಗಲೂ ಕೋಟು. ಬೀದಿಯವರು ‘ಡಾಕ್ಟ್ರೇ’ ಎಂದು ಕರೆದರು, ಅವನು ಓಗೊಟ್ಟ. ಆಸ್ಪತ್ರೆಯವರು ‘ಕೋಟುರಾಯ’ ಎಂದು ಕರೆದರು, ಅದಕ್ಕೂ ಓಗೊಟ್ಟ. ಅಲ್ಲಿ ಬೇರೆ ದಾರಿಯಿರಲಿಲ್ಲ.

ಈ ಕೋಟುರಾಯನಿಗೆ ಒಂದು ಸಣ್ಣ ತೊಂದರೆಯಿತ್ತು. ತನ್ನ ಎಡ ಬಲ ಅವನಿಗೆ ಚೆನ್ನಾಗಿ ಗೊತ್ತು. ಎದುರಿಗೆ ಮಲಗಿದವರ ಎಡ ಬಲ ಬಂದರೆ ತಲೆ ಗಿರ್ರೆನ್ನುತ್ತಿತ್ತು. ಕೆಂಪು ಕ್ಲಿಪ್ಪು ಬಲಗೈಗೆ, ಹಳದಿ ಎಡಗೈಗೆ; ಯಂತ್ರ ಕೇಳುವುದು ಇಷ್ಟೇ. ಅದನ್ನೂ ಅದಲುಬದಲು ಮಾಡಿ, ಗುಂಡುಕಲ್ಲಿನ ಹಾಗಿದ್ದ ಹೆಂಗಸೊಬ್ಬಳನ್ನು ತುರ್ತು ವಾರ್ಡಿಗೆ ಹೊತ್ತುಕೊಂಡು ಹೋಗುವ ಹಾಗೆ ಮಾಡಿದ್ದ. ಆಕೆ ದಾರಿಯುದ್ದಕ್ಕೂ ಕಾಲು ಝಾಡಿಸಿ ಇಬ್ಬರು ವಾರ್ಡ್‌ಬಾಯ್‌ಗಳನ್ನು ಕೆಡವಿದ ಮೇಲೆಯೇ ಆಕೆಯ ಹೃದಯ ಗಟ್ಟಿಯಾಗಿದೆಯೆಂದು ಡಾಕ್ಟರುಗಳಿಗೆ ಖಾತ್ರಿಯಾಗಿತ್ತು. ಸೂಪರಿಂಟೆಂಡೆಂಟರು ಅವನನ್ನು ಕರೆಸಿ, “ಇನ್ನೊಂದ್ಸಲ ಹೀಗಾದ್ರೆ ಕೋಟು ಬಿಚ್ಚಿಸಿ ನೆಲಮಾಳಿಗೆಗೆ ತಳ್ತೀನಿ,” ಎಂದಿದ್ದರು. ನೆಲಮಾಳಿಗೆಯಲ್ಲಿ ಮಲಮೂತ್ರ ಪರೀಕ್ಷೆ. ಅಲ್ಲಿನವರಿಗೆ ಕೋಟಿಲ್ಲ, ರಬ್ಬರಿನ ಏಪ್ರನ್ನು. ರಬ್ಬರ್ ಏಪ್ರನ್ನು ತೊಟ್ಟವನನ್ನು ಯಾವ ಬೀದಿಯೂ ‘ಡಾಕ್ಟ್ರೇ’ ಎನ್ನುವುದಿಲ್ಲ.

ಅವತ್ತೇ ಕೋಟುರಾಯ ತನ್ನ ಉಪಾಯವನ್ನು ಕಂಡುಹಿಡಿದ. ಕಿಟಕಿ ಕಡೆಯ ಕೈಗೆ ಕೆಂಪು, ಗೋಡೆ ಕಡೆಯ ಕೈಗೆ ಹಳದಿ. ಮಂಚ ಕದಲುವುದಿಲ್ಲ, ಕಿಟಕಿ ಕದಲುವುದಿಲ್ಲ, ರೋಗಿಗಳೆಲ್ಲ ದಿಂಬಿನ ಕಡೆಗೇ ತಲೆ ಹಾಕುತ್ತಾರೆ. ವಿಜ್ಞಾನಕ್ಕೆ ಇನ್ನೇನು ಬೇಕು? ಉಪಾಯ ಈವರೆಗೆ ಕೈಕೊಟ್ಟಿರಲಿಲ್ಲ.

ಮಾವ ದಿಂಬನ್ನೇ ಎತ್ತಿ ಮಂಚದ ಇನ್ನೊಂದು ತುದಿಗೆ ಹಾಕಿದರು.

“ಅಲ್ಲಲ್ಲ ಮಾವ, ತಲೆ ಈ ಕಡೆ.”

“ಈ ಕಡೆ ತಲೆ ಹಾಕಿದ್ರೆ ನಿಮ್ಮ ಯಂತ್ರ ನನ್ನ ತಲೆ ಹಿಂದೆ ಇರುತ್ತೆ. ಅದಾಗಲ್ಲ ಅಳಿಯಂದ್ರೇ. ತೂಕ ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಸವೆದವನು ನಾನು. ಮುಳ್ಳು ಕಣ್ಣಿಗೆ ಕಾಣದೆ ಒಂದು ತಕ್ಕಡಿಗೂ ಸೀಲ್ ಹೊಡೆದವನಲ್ಲ. ಯಂತ್ರ ನನ್ನ ಕಣ್ಣೆದುರೇ ಇರಬೇಕು.”

ಹಾಗೆ ಹೇಳಿ ಉಲ್ಟಾ ಮಲಗಿ, ಯಂತ್ರದ ಮೇಲೆ ಕಣ್ಣು ನೆಟ್ಟರು. ಕೋಟುರಾಯ ಪರದೆಯನ್ನು ಮತ್ತೆ ಸಿಕ್ಕಿಸಿದ, ಸ್ಪಿರಿಟ್ಟಿನಿಂದ ಎದೆ ಉಜ್ಜಿದ, ಜೆಲ್ಲು ಸವರಿದ, ಮಾವ “ಹುಹು, ತಣ್ಣಗೆ!” ಎಂದು ಕುಲುಕಿದ್ದಕ್ಕೆ ಅಳಿಯನ ಗತ್ತಿನಲ್ಲಿ ನಕ್ಕ. ಆಮೇಲೆ ಕಿಟಕಿ ನೋಡಿದ. ಕಿಟಕಿ ಇದ್ದಲ್ಲೇ ಇತ್ತು. ಕಿಟಕಿ ಕಡೆಯ ಕೈಗೆ ಕೆಂಪು ಕ್ಲಿಪ್ಪು ಕಚ್ಚಿಸಿದ.

ಮಾವ ಇಸಿಜಿಗೆ ಬಂದದ್ದು ಎದೆ ನೋವಿಗಲ್ಲ. ನೋವಿಲ್ಲದ್ದೇ ಅವರ ನೋವು. ಬೆಳಗಿನ ನಡಿಗೆಯ ಸಂಘದಲ್ಲಿ ಎಲ್ಲರಿಗೂ ಏನಾದರೊಂದು ಇತ್ತು. ಸಂಘದ ಅಧ್ಯಕ್ಷರಿಗೆ ಬೈಪಾಸ್ ಆಗಿತ್ತು. ಅಧ್ಯಕ್ಷಗಿರಿ ಸಿಕ್ಕಿದ್ದೇ ಅದರಿಂದ. ಖಜಾಂಚಿಯ ಮಂಡಿಯಲ್ಲಿ ಸ್ಟೀಲಿತ್ತು. ಇನ್ನೊಬ್ಬರು ಒಂದೇ ಕಿಡ್ನಿಯಲ್ಲಿ ಬದುಕಿದ್ದರು, ಆ ವಿಷಯವನ್ನು ಗುಡ್ ಮಾರ್ನಿಂಗ್ ಹೇಳುವ ಮೊದಲೇ ಹೇಳುತ್ತಿದ್ದರು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಜಾಗ ಸಿಗುವುದು ಕಾಯಿಲೆಯ ಘನತೆಯ ಮೇಲೆ. ಮಾವನಿಗೆ ಇದ್ದದ್ದು ಒಂದಿಷ್ಟು ಗ್ಯಾಸು. ಗ್ಯಾಸಿನವರು ನಿಂತುಕೊಂಡೇ ಕೇಳಬೇಕು. “ನಿಮಗೇನ್ ಬಿಡಿ, ನಾರ್ಮಲ್ಲು,” ಎಂದು ಅಧ್ಯಕ್ಷರು ಎಲ್ಲರೆದುರು ಬೆನ್ನು ತಟ್ಟಿದ್ದರು. ಅವತ್ತಿನಿಂದ ಮಾವನಿಗೆ ಊಟ ಸೇರುತ್ತಿರಲಿಲ್ಲ.

ಯಂತ್ರ ಗುರುಗುಟ್ಟಿ ಪಟ್ಟಿಯನ್ನು ಉಗುಳಿತು. ಕೋಟುರಾಯ ಅದನ್ನು ಹರಿದು, ಒಂದು ಬುಗ್ಗೆ ಇನ್ನೂ ಎದೆಗೆ ಕಚ್ಚಿಕೊಂಡಿದ್ದ ಮಾವನನ್ನು ಹಿಂದಿಟ್ಟುಕೊಂಡೇ ಡ್ಯೂಟಿ ಡಾಕ್ಟರ ಮೇಜಿಗೆ ಹೋದ.

ಡ್ಯೂಟಿ ಡಾಕ್ಟರು ಹೊಸಬರು; ಕೈಯಲ್ಲೊಂದು ಬಿಸ್ಕತ್ತಿತ್ತು. ಪಟ್ಟಿಯ ಮೊದಲ ಸಾಲನ್ನು ನೋಡಿದರು. ಮೇಲೆ ಏಳಬೇಕಾದ ಗೀಟು ಕೆಳಗೆ ಇಳಿದಿತ್ತು. ಬಿಸ್ಕತ್ತು ಬಾಯಿಯ ಹತ್ತಿರ ನಿಂತಿತು.

“ಕೋಟುರಾಯ, ಕ್ಲಿಪ್ಪು ಸರಿಯಾಗಿ ಹಾಕಿದ್ದೀಯಾ?”

ಕೋಟುರಾಯನಿಗೆ ನೆಲಮಾಳಿಗೆಯ ವಾಸನೆ ಮೂಗಿಗೇ ಬಡಿಯಿತು. “ಏನ್ಸಾರ್ ಹೀಗಂತೀರಿ? ಇವರು ನಮ್ಮ ಮಾವ ಸಾರ್. ಸ್ವಂತ ಮಾವನಿಗೆ ಯಾರಾದ್ರೂ ತಪ್ಪು ಹಾಕ್ತಾರಾ?”

ವೈದ್ಯಶಾಸ್ತ್ರ ಈ ವಾದವನ್ನು ಒಪ್ಪಿಕೊಂಡಿತು. ಡಾಕ್ಟರು ಡ್ರಾಯರಿನಿಂದ ದಪ್ಪ ಪುಸ್ತಕ ತೆಗೆದು, ಹಾಳೆ ಮಗುಚಿ, ಒಂದು ಚಿತ್ರದ ಪಕ್ಕ ಪಟ್ಟಿಯನ್ನಿಟ್ಟರು. ಮೊದಲ ಸಾಲು ತಾಳೆಯಾಯಿತು. ಕೆಳಗಿನ ಸಾಲುಗಳು ತಾಳೆಯಾಗಲಿಲ್ಲ. ಆದರೆ ಸಂತೋಷದಲ್ಲಿರುವವರು ಯಾರೂ ಕೆಳಗಿನ ಸಾಲುಗಳನ್ನು ಓದುವುದಿಲ್ಲ. ಅವರ ಸ್ಟೆತಾಸ್ಕೋಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಅದನ್ನು ಒಮ್ಮೆ ಮಾವನ ಎದೆಗೆ ಇಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಯಂತ್ರ ಮಾತಾಡಿದ ಮೇಲೆ ಮನುಷ್ಯನ ಎದೆಗೆ ಕಿವಿ ಕೊಡುವುದು ಓದಿದವರ ಲಕ್ಷಣವಲ್ಲ.

“ಸಾರ್, ನಿಮ್ಮ ಹೃದಯ ಬಲಗಡೆ ಇದೆ!” ಎಂದು ಡಾಕ್ಟರು ಎದ್ದು ನಿಂತರು.

ಮಾವ ಬೆಚ್ಚಲಿಲ್ಲ. “ಇದು ಎಷ್ಟು ಜನಕ್ಕಿರುತ್ತೆ?” ಎಂದು ಕೇಳಿದರು.

“ತುಂಬಾ ತುಂಬಾ ಅಪರೂಪ ಸಾರ್.”

“ಬೈಪಾಸಿಗಿಂತಲೂ?”

“ಬೈಪಾಸ್ ಏನ್ಸಾರ್, ಬೀದಿಗೊಬ್ಬರು ಮಾಡಿಸ್ಕೊಂಡಿರ್ತಾರೆ.”

ಮಾವನ ಮುಖದಲ್ಲಿ ಅಂಥ ಬೆಳಕನ್ನು ಅವರ ಮಗಳ ಮದುವೆಯ ದಿನವೂ ಯಾರೂ ನೋಡಿರಲಿಲ್ಲ. ಎದೆಗೆ ಇನ್ನೂ ಕಚ್ಚಿಕೊಂಡಿದ್ದ ಬುಗ್ಗೆಯನ್ನು ತಾವೇ ಪಟ್ಟೆಂದು ಕಿತ್ತು ಅಳಿಯನ ಕೈಗಿತ್ತರು. “ಅಳಿಯಂದ್ರೇ, ನನ್ನ ಮಗಳನ್ನ ಸರಿಯಾದ ಕಡೆ ಕೊಟ್ಟಿದ್ದೀನಿ,” ಎಂದರು.

ಸಂಜೆಯೊಳಗೆ ಮಾವನ ಮನೆಯ ನಡುಕೋಣೆ ತುಂಬಿತು. ಮಾವ ಅಂಗಿಯ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಕೂತಿದ್ದರು. ಬುಗ್ಗೆಗಳು ಕಚ್ಚಿದ ಜಾಗದಲ್ಲಿ ಕೆಂಪು ಉಂಗುರಗಳು ಮೂಡಿದ್ದವು; ಬಂದವರಿಗೆಲ್ಲ ಅವನ್ನು ಪದಕಗಳ ಹಾಗೆ ತೋರಿಸುತ್ತಿದ್ದರು. ಪಕ್ಕದ ಮನೆಯ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು ಕನ್ನಡಕ ತೆಗೆದು ಮಾವನ ಎದೆಯ ಬಲಭಾಗಕ್ಕೆ ಕಿವಿಯಿಟ್ಟರು. ನೆರೆದವರೆಲ್ಲ ಉಸಿರು ಬಿಗಿಹಿಡಿದರು.

“ಕೇಳ್ತಿದೆ. ಸ್ಪಷ್ಟವಾಗಿ ಕೇಳ್ತಿದೆ. ಎಂಥ ಶಿಸ್ತು!” ಎಂದರು ಹೆಡ್‌ಮಿಸ್ಟ್ರೆಸ್ಸು. ಅವರ ಹಿಂದೆ ಸಾಲು ನಿಂತಿತು. ಕಿವಿಯಿಟ್ಟವರಿಗೆಲ್ಲ ಬಲಗಡೆಯೇ ಕೇಳಿಸಿತು. ಎಡಗಡೆ ಯಾರೂ ಕಿವಿಯಿಡಲಿಲ್ಲ; ಅಲ್ಲಿ ಏನೂ ಇಲ್ಲವೆಂದು ಆಸ್ಪತ್ರೆಯೇ ಹೇಳಿದ ಮೇಲೆ ಖಾಲಿ ಜಾಗಕ್ಕೆ ಕಿವಿಯಿಡಲು ಅವರೇನು ಹುಚ್ಚರೇ?

ಬೀದಿಯ ದರ್ಜಿ ಟೇಪು ಹಿಡಿದು ಬಂದಿದ್ದ. “ಜೇಬು ಎಲ್ಲಾ ಬಲಗಡೆಗೆ ಹೋಗ್ಬೇಕಲ್ಲ ಯಜಮಾನ್ರೇ. ಜೇಬಿರೋದೇ ಹೃದಯದ ಮೇಲೆ. ಇಷ್ಟು ದಿನ ನಿಮಗೆ ತಪ್ಪು ಹೊಲ್ದಿದ್ದೀನಿ,” ಎಂದು ಸಣ್ಣ ಮುಖ ಮಾಡಿದ.

“ನೀನೇನು ಮಾಡ್ತೀಯಪ್ಪ, ನಿನಗೇನು ಗೊತ್ತಿತ್ತು?” ಎಂದು ಮಾವ ಕ್ಷಮಿಸಿದರು. ಅಂಗಿಗಳ ಗಂಟು ಅವನ ಹೆಗಲೇರಿತು.

ಸಾಲಿನಲ್ಲಿ ನಿಲ್ಲದವರು ಅತ್ತೆಯೊಬ್ಬರೇ. ಟೀ ಲೋಟ ಹಂಚಿ ಹಂಚಿ ಸಾಕಾಗಿ ಬಾಗಿಲಿಗೆ ಒರಗಿ ನಿಂತಿದ್ದರು. “ಹಾಗಾದ್ರೆ ಇಷ್ಟು ವರ್ಷ ಗ್ಯಾಸ್ ಹಿಡಿದಾಗಲೆಲ್ಲ ‘ಅಯ್ಯೋ ನನ್ನ ಹಾರ್ಟು’ ಅಂತ ಎಡಗಡೆಗೆ ಮುಲಾಮು ತಿಕ್ಕಿಸ್ಕೊಂಡ್ರಲ್ಲ, ಅದು ಯಾರ ಎದೆಗೆ ತಿಕ್ಕಿದ್ದು ನಾನು?” ಎಂದರು.

“ಇವಳಿಗೆ ವಿಜ್ಞಾನ ತಿಳಿಯಲ್ಲ,” ಎಂದು ಮಾವ ಹೆಡ್‌ಮಿಸ್ಟ್ರೆಸ್ಸಿಗೆ ಹೇಳಿದರು. ಹೆಡ್‌ಮಿಸ್ಟ್ರೆಸ್ಸು ಅತ್ತೆಯ ಕಡೆ ಮರುಕದಿಂದ ನೋಡಿದರು.

ಮರುದಿನ ಪಾರ್ಕಿನಲ್ಲಿ ಕಲ್ಲುಬೆಂಚಿನವರು ಎದ್ದು ಜಾಗ ಕೊಟ್ಟರು. ಒಂದೇ ಕಿಡ್ನಿಯವರು ತಮ್ಮ ಕಿಡ್ನಿಯ ಪ್ರಸ್ತಾಪವನ್ನೇ ಎತ್ತಲಿಲ್ಲ. ಬೈಪಾಸಿನ ಅಧ್ಯಕ್ಷರು, “ನಂದೂ ಸ್ವಲ್ಪ ಬಲಕ್ಕೆ ವಾಲಿದೆ ಅಂತ ಡಾಕ್ಟ್ರು ಹೇಳಿದ್ರು,” ಎಂದು ಹೇಳಿ ನೋಡಿದರು. “ವಾಲೋದು ಬೇರೆ, ಇರೋದು ಬೇರೆ,” ಎಂದು ಸ್ಟೀಲ್ ಮಂಡಿಯ ಖಜಾಂಚಿ ಅವರ ಬಾಯಿ ಮುಚ್ಚಿಸಿದ. ವಾರ ಕಳೆಯುವುದರೊಳಗೆ ಮಾವ ಅಧ್ಯಕ್ಷರಾದರು. ಅವರು ಕೈಯನ್ನು ಎದೆಯ ಬಲಕ್ಕಿಟ್ಟು ಗುಡ್ ಮಾರ್ನಿಂಗ್ ಹೇಳುವುದನ್ನು ಸಂಘದವರೆಲ್ಲ ಕಲಿತರು. ಹಾಗೆ ನೋಡಿದರೆ ಆ ಪಾರ್ಕಿನಲ್ಲಿ ಈಗ ಹೃದಯವಿದ್ದ ಕಡೆ ಕೈಯಿಡುತ್ತಿದ್ದವರು ಒಬ್ಬರೂ ಇರಲಿಲ್ಲ.

ಕೋಟುರಾಯನಿಗೂ ಬೀದಿಯಲ್ಲಿ ಬೆಲೆ ಬಂತು. ಅಂಗಡಿಯವನು ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ‘ಹೃದಯ ಎಲ್ಲಿದೆ ಅಂತ ನೋಡೋ ಡಾಕ್ಟ್ರು’ ಎಂದು ಜನ ಬೆರಳು ಮಾಡಿ ತೋರಿಸಿದರು. ಅವನ ಹೆಂಡತಿ ಮಾತ್ರ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, “ಅದು ನಿಮಗೆ ಹೇಗ್ರೀ ಗೊತ್ತಾಯ್ತು? ತೋರಿಸಿ ನೋಡೋಣ,” ಎಂದಳು.

ತೋರಿಸಲು ಅವನಿಗೇನು? ಸೌಟನ್ನು ಕೆಂಪು ಕ್ಲಿಪ್ಪು ಮಾಡಿದ, ಇಕ್ಕಳವನ್ನು ಹಳದಿ ಮಾಡಿದ. ನಡುಕೋಣೆಯ ಮಂಚದ ಮೇಲೆ ಹೆಂಡತಿಯನ್ನೇ ಮಲಗಿಸಿದ. “ಇದು ಕಿಟಕಿ. ಕಿಟಕಿ ಕಡೆ ಕೈಗೆ ಕೆಂಪು. ಯಾವ ಡಾಕ್ಟ್ರಿಗೂ ಈ ಉಪಾಯ ಗೊತ್ತಿಲ್ಲ.”

“ಅಪ್ಪನೂ ಹೀಗೇ ಮಲಗಿದ್ರಾ?”

“ಅವರಿಗೆ ಯಂತ್ರ ಕಾಣಬೇಕಲ್ಲ, ತಲೆ ಆ ಕಡೆ ಹಾಕಿದ್ರು.”

ಹೆಂಡತಿ ಎದ್ದು ಇನ್ನೊಂದು ಕಡೆಗೆ ತಲೆ ಹಾಕಿ ಮಲಗಿದಳು. ಕಿಟಕಿಯ ಕಡೆಗೆ ಈಗ ಬಂದ ಕೈಯನ್ನು ಎತ್ತಿ, ಗಂಡನ ಮುಖದ ಮುಂದೆ ಆಡಿಸಿದಳು. ಅದರಲ್ಲಿ ಅವಳ ವಾಚಿತ್ತು. ವಾಚನ್ನು ಅವಳು ಎಡಗೈಗೆ ಕಟ್ಟುತ್ತಿದ್ದಳು.

ಕೋಟುರಾಯನ ಕೈಯಿಂದ ಸೌಟು ಬಿತ್ತು.

“ಹೋಗಿ ಹೇಳಿ,” ಎಂದಳು.

“ಹೇಳಿದ್ರೆ ನೆಲಮಾಳಿಗೆ ಕಣೇ!”

“ಹೇಳದಿದ್ರೆ?”

“ಹೇಳದಿದ್ರೆ ಏನೂ ಇಲ್ಲ. ಹೃದಯ ಯಾವ ಕಡೆ ಇದ್ರೇನು, ಹೊಡ್ಕೊಂಡ್ರೆ ಸಾಲ್ದಾ?”

“ಅಪ್ಪ ಜೇಬೆಲ್ಲ ಬಿಚ್ಚಿಸಿ ಕೂತಿದ್ದಾರ್ರೀ.”

“ಬಲಗಡೆ ಜೇಬು ಅವರಿಗೆ ಒಪ್ಪುತ್ತೆ,” ಎಂದ ಕೋಟುರಾಯ. ಹೆಂಡತಿ ಸೌಟನ್ನು ಎತ್ತಿಕೊಂಡಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟಕ್ಕೇ ನಿಂತಿದ್ದರೆ ಒಬ್ಬ ಮುದುಕ ಬಲಗಡೆ ಹೃದಯದಲ್ಲಿ ಸುಖವಾಗಿ ಬಾಳಿ ಹೋಗುತ್ತಿದ್ದ. ಆದರೆ ಡ್ಯೂಟಿ ಡಾಕ್ಟರು ಸುಮ್ಮನಿರಲಿಲ್ಲ. ಅವರು ಸೂಪರಿಂಟೆಂಡೆಂಟರಿಗೆ ಹೇಳಿದರು. ಸೂಪರಿಂಟೆಂಡೆಂಟರಿಗೆ ಹೃದಯದ ಬಗ್ಗೆ ಅಷ್ಟೇನೂ ಆಸಕ್ತಿಯಿರಲಿಲ್ಲ. ಹೊರಗಿನಿಂದ ಒಬ್ಬ ದೊಡ್ಡ ಪ್ರೊಫೆಸರ್ ಆಸ್ಪತ್ರೆ ನೋಡಲು ಬರುವವರಿದ್ದರು, ಅವರಿಗೆ ತೋರಿಸಲು ಏನೂ ಇರಲಿಲ್ಲ. ಲಿಫ್ಟು ನಿಂತಿತ್ತು. ಎಕ್ಸ್‌ರೇ ಯಂತ್ರ ಕೆಟ್ಟು, ಆ ಕೋಣೆಯಲ್ಲಿ ಮುರುಕು ಕುರ್ಚಿಗಳನ್ನು ಪೇರಿಸಿದ್ದರು. ಇಂಥ ಹೊತ್ತಿನಲ್ಲಿ ಬಲಗಡೆ ಹೃದಯದವರೊಬ್ಬರು ಸಿಕ್ಕಿದ್ದನ್ನು ಅವರು ತಮ್ಮ ಆಡಳಿತದ ಸಾಧನೆಯೆಂದೇ ತಿಳಿದರು.

“ಕೋಟುರಾಯ, ಅದನ್ನ ಪತ್ತೆ ಮಾಡಿದವನು ನೀನೇ ಅಂತಲ್ಲಯ್ಯ,” ಎಂದು ಅವನ ಹೆಗಲ ಮೇಲೆ ಕೈಹಾಕಿದರು. ಆ ಕೈ ಹಿಂದೆಂದೂ ಆ ಹೆಗಲಿಗೆ ಬಿದ್ದಿರಲಿಲ್ಲ. “ಸಭೆಯಲ್ಲಿ ಪ್ರೊಫೆಸರ್ ಎದುರಿಗೆ ನೀನೇ ತೆಗೀಬೇಕು. ಅದೇ ಥರ ಬರಬೇಕು. ಬಂದ್ರೆ ನಿನ್ನನ್ನ ಮುಖ್ಯ ತಂತ್ರಜ್ಞ ಮಾಡ್ತೀನಿ. ಬರದಿದ್ರೆ...” ಎಂದು ಬೆರಳನ್ನು ನೆಲದ ಕಡೆಗೆ ತೋರಿಸಿದರು.

“ಅದೇ ಥರ ಬರುತ್ತೆ ಸಾರ್,” ಎಂದ ಕೋಟುರಾಯ. ಬರಿಸುವುದು ಹೇಗೆಂದು ಅವನಿಗೆ ಈಗ ತಿಳಿದಿತ್ತು. ಕೋಣೆ ಅದೇ, ಕಿಟಕಿ ಅದೇ; ಮಾವನನ್ನು ಮತ್ತೆ ಉಲ್ಟಾ ಮಲಗಿಸಿದರಾಯಿತು.

ಆದರೆ ಸಭೆ ಇಟ್ಟದ್ದು ಮೇಲಿನ ಮಹಡಿಯ ದೊಡ್ಡ ಹಾಲಿನಲ್ಲಿ. ಕುರ್ಚಿಗಳಲ್ಲಿ ಡಾಕ್ಟರುಗಳು, ಅವರ ಹಿಂದೆ ನರ್ಸುಗಳು, ಕೊನೆಯ ಸಾಲುಗಳಲ್ಲಿ ದರ್ಜಿ, ಹೆಡ್‌ಮಿಸ್ಟ್ರೆಸ್ಸು, ನಡಿಗೆಯ ಸಂಘದವರು. ಮಾವನ ಅಂಗಿಯ ಬಲಕ್ಕೆ ಹೊಸ ಜೇಬು, ಜೇಬಿನಲ್ಲಿ ಪೆನ್ನು. ಪ್ರೊಫೆಸರಿಗೆ ಕೈ ಕುಲುಕಿ, “ನಾನೇ ಅವನು,” ಎಂದರು. ವೇದಿಕೆಯ ಮಧ್ಯದ ಮಂಚದ ಮೇಲೆ ಮಲಗಿ, ಅಂಗಿಯನ್ನು ತಾವೇ ಬಿಚ್ಚಿ, ಸಭೆಯ ಕಡೆ ಒಮ್ಮೆ ನಕ್ಕರು.

ಕೋಟುರಾಯ ಎದೆ ಒರೆಸಿದ. ಜೆಲ್ಲು ಹಚ್ಚಿದ. ಬುಗ್ಗೆಗಳನ್ನು ಕಚ್ಚಿಸಿದ. ಕೆಂಪು ಕ್ಲಿಪ್ಪನ್ನು ಕೈಗೆತ್ತಿಕೊಂಡು ಕಿಟಕಿಗಾಗಿ ತಲೆಯೆತ್ತಿದ.

ಹಾಲಿನ ಎರಡೂ ಕಡೆ ಕಿಟಕಿಗಳಿದ್ದವು.

ಕ್ಲಿಪ್ಪು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಮೊದಲ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ಚಾವಣಿಯ ಫ್ಯಾನು ನೋಡುತ್ತಿದ್ದಳು. ಬಾಗಿ ಮಾವನ ಕಿವಿಯಲ್ಲಿ, “ಮಾವ, ನೀವು ಯಾವ ಕೈಯಲ್ಲಿ ಸೀಲ್ ಹೊಡೀತಿದ್ರಿ?” ಎಂದು ಪಿಸುಗುಟ್ಟಿದ.

“ಎರಡೂ ಕೈಲಿ ಹೊಡೀತಿದ್ದೆ ಅಳಿಯಂದ್ರೇ. ಇಲಾಖೆಯಲ್ಲಿ ಅದಕ್ಕೇ ಹೆಸರುವಾಸಿ ನಾನು.”

ಕೋಟುರಾಯ ಕೆಂಪು ಕ್ಲಿಪ್ಪನ್ನು ಒಂದು ಕೈಗೆ ಹಾಕಿದ. ಸರಿಯಾಯಿತು ಅನ್ನಿಸಿತು. ಆದರೆ ಬೇಕಾಗಿದ್ದದ್ದು ಸರಿಯಲ್ಲ, ತಪ್ಪು. ತೆಗೆದು ಇನ್ನೊಂದು ಕೈಗೆ ಹಾಕಿದ. ಈಗ ತಪ್ಪಾಗಿದೆ ಅನ್ನಿಸಿತು. ಆದರೆ ತನಗೆ ತಪ್ಪು ಅನ್ನಿಸಿದ್ದೆಲ್ಲ ಈವರೆಗೆ ಸರಿಯಾಗಿತ್ತು, ಸರಿ ಅನ್ನಿಸಿದ್ದು ತಪ್ಪಾಗಿತ್ತು. ಮತ್ತೆ ತೆಗೆದ. ಮತ್ತೆ ಹಾಕಿದ.

“ಏನು ಹುಡುಕ್ತಿದ್ದೀರಿ?” ಎಂದರು ಪ್ರೊಫೆಸರ್.

“ಜಾಗ ಸಾರ್. ಅಪರೂಪದ ಕೇಸು. ಸೂಕ್ಷ್ಮ ಇರುತ್ತೆ.”

“ಎಂಥ ಶ್ರದ್ಧೆ!” ಎಂದು ಹೆಡ್‌ಮಿಸ್ಟ್ರೆಸ್ಸು ಪಕ್ಕದವರಿಗೆ ಹೇಳಿದ್ದು ಹಾಲಿಗೆಲ್ಲ ಕೇಳಿಸಿತು. ಕೋಟುರಾಯ ಕಣ್ಣು ಮುಚ್ಚಿ, ಕೆಂಪು ಕ್ಲಿಪ್ಪು ಕೊನೆಗೆ ಎಲ್ಲಿತ್ತೋ ಅಲ್ಲೇ ಬಿಟ್ಟು, ಹಳದಿಯನ್ನು ಇನ್ನೊಂದು ಕೈಗೆ ಕಚ್ಚಿಸಿ ಗುಂಡಿ ಒತ್ತಿದ. ತಪ್ಪು ಮಾಡಲೆಂದೇ ಹೊರಟವನಿಗೆ ಅದೂ ದಕ್ಕಲಿಲ್ಲ. ಆ ಯಂತ್ರಕ್ಕೆ ಅವನ ಕೈಯಿಂದ, ಕಿಟಕಿಯ ಸಹಾಯವಿಲ್ಲದೆ, ಮೊಟ್ಟಮೊದಲ ಬಾರಿಗೆ ಎಲ್ಲ ವೈರುಗಳೂ ಸರಿಯಾಗಿ ಬಿದ್ದಿದ್ದವು.

ಪ್ರೊಫೆಸರ್ ಪಟ್ಟಿ ನೋಡಿದರು. ಹುಬ್ಬೇರಿಸಿದರು. ತಮ್ಮ ಸ್ಟೆತಾಸ್ಕೋಪು ತೆಗೆದು ಮಾವನ ಎದೆಯ ಎಡಕ್ಕಿಟ್ಟರು, ಆಮೇಲೆ ಬಲಕ್ಕಿಟ್ಟರು, ಮತ್ತೆ ಎಡಕ್ಕಿಟ್ಟರು. ನಕ್ಕುಬಿಟ್ಟರು.

“ಒಳ್ಳೇ ಸುದ್ದಿ. ನಿಮ್ಮ ಹೃದಯ ಎಡಗಡೆಯೇ ಇದೆ, ಎಲ್ಲರಿಗೂ ಇರೋ ಹಾಗೆ. ಪೂರ್ತಿ ನಾರ್ಮಲ್.”

ಆ ಕೊನೆಯ ಪದ ಹಾಲಿನಲ್ಲಿ ಬಿದ್ದಾಗ ಕೊನೆಯ ಸಾಲಿನಿಂದ ಬೈಪಾಸಿನವರ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲವೆಂದು ಮಾವನಿಗೆ ಗೊತ್ತಾಯಿತು. ಬುಗ್ಗೆಗಳ ಸಮೇತ ಎದ್ದು ಕೂತರು.

“ಸುಳ್ಳು! ಮೊದಲನೇ ಪಟ್ಟಿ ಸರಿ, ಇದು ತಪ್ಪು. ನಮ್ಮ ಅಳಿಯಂದ್ರಿಗೆ ಇವತ್ತು ಕೈ ನಡುಗ್ತಿತ್ತು, ನೀವೇ ನೋಡಿದ್ರಿ. ಬೇಕಾದ್ರೆ ನಮ್ಮ ಬೀದಿಯವರನ್ನ ಕೇಳಿ. ಯಾರ್ಯಾರು ಬಲಗಡೆ ಕೇಳಿದ್ದೀರಿ, ಕೈಯೆತ್ತಿ!”

ಹೆಡ್‌ಮಿಸ್ಟ್ರೆಸ್ಸಿನ ಕೈ ಮೊದಲು ಎದ್ದಿತು. ದರ್ಜಿ ಎರಡೂ ಕೈ ಎತ್ತಿದ. ಅಷ್ಟು ಜೇಬು ಬಿಚ್ಚಿದವನಿಗೆ ಅದರ ಹಕ್ಕಿತ್ತು. ಖಜಾಂಚಿ ಸ್ಟೀಲ್ ಮಂಡಿಯನ್ನು ಲೆಕ್ಕಿಸದೆ ಎದ್ದು ನಿಂತೇ ಕೈಯೆತ್ತಿದ. ಬೈಪಾಸಿನವರು ಮಾತ್ರ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಖವಾಗಿ ಕೂತಿದ್ದರು.

“ಹೃದಯ ಎಲ್ಲಿದೆ ಅನ್ನೋದನ್ನ ನಿಮ್ಮಲ್ಲಿ ವೋಟು ಹಾಕಿ ತೀರ್ಮಾನ ಮಾಡ್ತೀರಾ?” ಎಂದು ಪ್ರೊಫೆಸರ್ ಸೂಪರಿಂಟೆಂಡೆಂಟರನ್ನು ಕೇಳಿದರು. “ಒಬ್ಬನೇ ಮನುಷ್ಯ, ಒಂದೇ ಆಸ್ಪತ್ರೆ, ಎರಡು ಪಟ್ಟಿ. ಇದನ್ನ ನಾನು ಮೇಲಿನವರಿಗೆ ಬರೀಬೇಕಾಗುತ್ತೆ.”

ಸೂಪರಿಂಟೆಂಡೆಂಟರು ನಗುತ್ತಲೇ ಮಾವನ ತೋಳು ಹಿಡಿದು, ಅಂಗಿ ಹೊದಿಸಿ, ಪಕ್ಕದ ಕೋಣೆಗೆ ಎಳೆದುಕೊಂಡು ಹೋದರು. ಹಿಂದೆ ಕೋಟುರಾಯ, ಅವನ ಹೆಂಡತಿ, ಪರ್ಸಿನಲ್ಲಿ ಮುಲಾಮಿನ ಡಬ್ಬಿ ಇಟ್ಟುಕೊಂಡೇ ಬಂದಿದ್ದ ಅತ್ತೆ. ಬಾಗಿಲು ಮುಚ್ಚಿದ ಮೇಲೆ ಸೂಪರಿಂಟೆಂಡೆಂಟರ ನಗು ಉದುರಿತು.

“ಲೋ ಕೋಟುರಾಯ, ಎರಡರಲ್ಲಿ ಯಾವುದನ್ನೋ ನೀನು ಕೆಡಿಸಿದ್ದು?”

“ಮೊದಲನೇದು ಸಾರ್,” ಎಂದ ಕೋಟುರಾಯ.

“ಎರಡನೇದು!” ಎಂದರು ಮಾವ.

“ಅಪ್ಪಾ, ನೀವು ತಿರುಗಿ ಮಲಗಿದ್ರಿ. ಇವರು ಕಿಟಕಿ ನೋಡ್ಕೊಂಡು ಹಾಕಿದ್ರು. ಅಷ್ಟೇ ಆಗಿದ್ದು,” ಎಂದಳು ಮಗಳು.

ಸೂಪರಿಂಟೆಂಡೆಂಟರು ಹಣೆ ಒತ್ತಿಕೊಂಡರು. ಹಾಲಿನಿಂದ ಟೀ ಕಪ್ಪುಗಳ ಸದ್ದು ಬರುತ್ತಿತ್ತು. ಪ್ರೊಫೆಸರ್ ಇನ್ನೂ ಹೋಗಿರಲಿಲ್ಲ. “ಯಜಮಾನ್ರೇ, ಇಲ್ನೋಡಿ. ಪ್ರೊಫೆಸರ್ ಸಹಿ ಮಾಡಿದ ನಾರ್ಮಲ್ ರಿಪೋರ್ಟು ಇದು. ಇದನ್ನ ಇಸ್ಕೊಂಡು, ಹೊರಗೆ ಬಂದು, ‘ನನಗೆ ಸಮಾಧಾನ ಆಯ್ತು’ ಅಂತ ಒಂದು ಮಾತು ಹೇಳಿಬಿಡಿ. ಹಳೇ ಪಟ್ಟಿನ ನಾನು ಇಲ್ಲೇ ಹರಿದು ಹಾಕ್ತೀನಿ. ಪ್ರೊಫೆಸರ್ ಬರೆಯೋದಿಲ್ಲ, ವಿಚಾರಣೆ ಇಲ್ಲ, ಏನೂ ಇಲ್ಲ. ನಿಮ್ಮ ಅಳಿಯ ಮೇಲೇ ಇರ್ತಾನೆ, ಕೋಟು ಹಾಕ್ಕೊಂಡು. ನೀವು ಇಸ್ಕೊಳ್ಳದಿದ್ರೆ ನಾಳೆಯಿಂದ ಅವನು ನೆಲಮಾಳಿಗೆ. ನನಗೆ ಬೇರೆ ದಾರಿ ಇಲ್ಲ.”

ರಿಪೋರ್ಟನ್ನು ಮಾವನ ಮುಂದೆ ಹಿಡಿದರು. ಒಳ್ಳೆಯ ದಪ್ಪ ಕಾಗದ, ಆಸ್ಪತ್ರೆಯ ಮೊಹರು.

“ಮಾವ, ಇಸ್ಕೊಳ್ಳಿ ಮಾವ,” ಎಂದ ಕೋಟುರಾಯ. ಅವನ ಕೈ ತಾನಾಗಿ ಕೋಟಿನ ಗುಂಡಿಗಳನ್ನು ಹಿಡಿದುಕೊಂಡಿತ್ತು. “ಇಷ್ಟು ಚೆನ್ನಾಗಿರೋ ಪಟ್ಟಿ ಈ ಮೂರ್ನಾಲ್ಕು ವರ್ಷದಲ್ಲಿ ಯಾರಿಗೂ ಬಂದಿಲ್ಲ. ದೇವರಾಣೆ.”

“ಅಪ್ಪಾ, ನಾಳೆ ಬೀದಿಯಲ್ಲಿ ನಾನು ಹೇಗೆ ತಲೆಯೆತ್ತಲಿ? ಇಸ್ಕೊಳ್ಳಿ.”

“ಇಸ್ಕೊಳ್ರೀ ಸಾಕು,” ಎಂದರು ಅತ್ತೆ. “ಜೇಬೆಲ್ಲ ಮತ್ತೆ ಈ ಕಡೆ ಹೊಲಿಸಿದ್ರಾಯ್ತು.”

ಮಾವ ಕನ್ನಡಕ ಸರಿಮಾಡಿಕೊಂಡು ರಿಪೋರ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು, ಒಂದು ಕಾಲದಲ್ಲಿ ಅಂಗಡಿಯವರ ತೂಕದ ಬಟ್ಟುಗಳನ್ನು ನೋಡುತ್ತಿದ್ದಷ್ಟೇ ಅನುಮಾನದಿಂದ. ಬಾಗಿಲಾಚೆ ಯಾರೋ ಬೈಪಾಸಿನವರಿಗೆ ಕುರ್ಚಿ ಎಳೆದುಕೊಡುವ ಸದ್ದು ಕೇಳಿಸಿತು. ಮಾವ ಅಳಿಯನನ್ನು ನೋಡಿದರು, ಅವನ ಕೋಟನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ರಿಪೋರ್ಟನ್ನು ಒಂದೇ ಬೆರಳಿನಿಂದ ಸೂಪರಿಂಟೆಂಡೆಂಟರ ಕಡೆಗೆ ವಾಪಸು ತಳ್ಳಿದರು.

“ಅವನು ಕೆಳಗೆ ಹೋಗ್ಲಿ,” ಎಂದರು. “ಎಲ್ಲರಿಗೂ ಇರೋ ಕಡೆ ಇರೋ ಹೃದಯ ನನಗೆ ಬೇಡ.”